ಬೇರಿನಲ್ಲಿ ರಾಳದ ವಾಸನೆ

ಕಬ್ಬಿಣದ ಸರಳಿನ ಮೊನೆ ನನ್ನ ಕುತ್ತಿಗೆಗೆ ತಾಗಿತು.

"ಅಲ್ಲಾಡಿದ್ರೆ ಚುಚ್ಚಿಬಿಡ್ತೀನಿ," ಎಂದ ಬೆನ್ನ ಹಿಂದಿನವನು.

ಫೂಶೆನ್ ಹುಡುಕಲು ನೆಲಕ್ಕೆ ಚುಚ್ಚುವ ಸರಳು ಅದು. ಫೂಶೆನ್ ಅಂದರೆ ಪೈನ್ ಬೇರನ್ನು ಅಪ್ಪಿಕೊಂಡು ಮಣ್ಣೊಳಗೆ ಬೆಳೆಯುವ ಅಣಬೆಗಡ್ಡೆ. ನಿದ್ದೆ ಬಾರದವರ ಮದ್ದು. ಕಾಡಿನದಕ್ಕೆ ಚಿನ್ನದ ಬೆಲೆ, ತೋಟದ್ದು ಅಗ್ಗ. ನನಗೂ ನಿದ್ದೆ ಬಾರದ ರೋಗವೇ.

ಎದುರಿನ ಶೆಡ್ಡಿನಲ್ಲಿ ಇಬ್ಬರು, ಕಾಡಿನದರಂತೆ ಕಾಣಲೆಂದು, ತೋಟದ ಗಡ್ಡೆಗಳಿಗೆ ಪೈನ್ ಕಡ್ಡಿ ಬಡಿದು ಕೂರಿಸುತ್ತಿದ್ದರು. ಚೀಲಗಳ ಮೇಲೆ ದೊಂಗ್ ಅಜ್ಜಿಯ ಅಂಗಡಿಯ ಮುದ್ರೆ!

ಆ ಅಜ್ಜಿಗಾಗಿಯೇ ನಾನು ಈ ಬೆಟ್ಟ ಹತ್ತಿದ್ದು. ಅವಳ ಹೆಸರಲ್ಲಿ ತೋಟದ್ದನ್ನು ಕಾಡಿನದೆಂದು ಮಾರಿ ಮೋಸ ಮಾಡುತ್ತಿರುವವನು ಯಾರೆಂದು ಇವತ್ತು ಮಧ್ಯಾಹ್ನದೊಳಗೆ ತೋರಿಸದಿದ್ದರೆ, ಆ ಮಾಲು ಕೊಂಡು ಮೋಸಹೋದ ಗ್ವಾಂಗ್‌ಝೌ ವ್ಯಾಪಾರಿ ಲಿಯಾಂಗ್ ಅವಳ ಅಂಗಡಿಯ ಬೋರ್ಡನ್ನು ಬೀದಿಯಲ್ಲೇ ಒಡೆಯುತ್ತಾನೆ. ಬೋರ್ಡು ಒಡೆದ ಅಂಗಡಿಗೆ ನಮ್ಮ ಕಡೆ ನಾಯಿಯೂ ಕಾಲಿಡುವುದಿಲ್ಲ.

ಮೊಣಕೈ ಬೀಸಿದೆ. ಹಲ್ಲು ಮುರಿದ ಸದ್ದು. ಒಂದು ಗಡ್ಡೆ ಬಾಚಿಕೊಂಡೆ. ಗೋಡೆ ಹಾರಿ ಬೈಕ್ ಹತ್ತಿದೆ. ಓಡಿಸುತ್ತಲೇ ಯಿನ್ ಅಣ್ಣನಿಗೆ ಫೋನ್...

ಯಿನ್ ಅಂದರೆ ಆ ಅಂಗಡಿಯ ಮೂಗು. ಅವನು ಮೂಸಿ ಸೀಲ್ ಒತ್ತದೆ ಒಂದು ಚೀಲವೂ ಒಳಗೆ ಹೋಗದು. ಒಂದೇ ಬಟ್ಟಲಲ್ಲಿ ಹೆಂಡ ಕುಡಿದು ಅಣ್ಣತಮ್ಮಂದಿರೆಂದು ಆಣೆ ಇಟ್ಟವರು ನಾವು. ಪ್ರತಿ ಚಳಿಗಾಲ ನನ್ನ ಮದ್ದನ್ನು ಅವನೇ ಪೊಟ್ಟಣ ಕಟ್ಟಿ ಕೊಡುತ್ತಾನೆ.

"ಅಣ್ಣಾ, ಜಾಗ ಸಿಕ್ತು. ಕೆರೆ ಹಿಂದಿನ ದಾರೀಲಿ ಬರ್ತಿದೀನಿ."

"ಭೇಷ್ ತಮ್ಮಾ. ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ, ನಿನಗೊಬ್ಬನಿಗೇ."

ಕೆರೆಯ ಹಿಂದೆ ಜೀಪು ಅಡ್ಡ ನಿಂತಿತ್ತು. ಪಕ್ಕದಲ್ಲಿ ದೊಣ್ಣೆ ಹಿಡಿದ ಮೂವರು.

ನಾನು ಆ ದಾರೀಲಿ ಬರೋದು ಗೊತ್ತಿದ್ದದ್ದು ಒಬ್ಬನಿಗೇ...

ಬೈಕನ್ನು ಜೋಳದ ಹೊಲಕ್ಕೆ ನುಗ್ಗಿಸಿದೆ. ಭುಜಕ್ಕೊಂದು ಏಟು ಬಿತ್ತು. ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಅವನನ್ನು ಬೈದೆ, ಬೈಯುತ್ತಲೇ ಅತ್ತೆ.

ಅಂಗಡಿಯ ಮುಂದೆ ಆಗಲೇ ಏಣಿ ಇಟ್ಟಿದ್ದರು. ಲಿಯಾಂಗ್ ಕೈಯಲ್ಲಿ ಕೊಡಲಿ. ಅಜ್ಜಿಯ ಪಕ್ಕದಲ್ಲಿ ಯಿನ್. ನನ್ನನ್ನು ಕಂಡು ಅವನ ಮುಖ ಬಿಳಿಚಿತು.

ಒಳಗಿನಿಂದ ಅವನ ಸೀಲ್ ಇದ್ದ ಚೀಲ ಎಳೆದು ಒಂದು ಗಡ್ಡೆ ತೆಗೆದೆ.

"ಇದು ಎಂಥದ್ದಣ್ಣ?"

"ಕಾಡಿನದೇ. ಸೀಲ್ ಕಾಣಲ್ವಾ?"

ಲಿಯಾಂಗ್ ಕೈಯಿಂದ ಕೊಡಲಿ ಕಿತ್ತುಕೊಂಡು ಎರಡು ಗಡ್ಡೆಗಳನ್ನೂ ಸೀಳಿದೆ, ಬೆಟ್ಟದ ಶೆಡ್ಡಿನದನ್ನೂ ಅಂಗಡಿಯದನ್ನೂ. ಒಳಗಿನ ಕಡ್ಡಿಗಳನ್ನು ಅಜ್ಜಿಯ ಅಂಗೈಗಿಟ್ಟೆ.

"ಮೂಸಿ ಅಜ್ಜಿ. ಕಾಡಿನ ಗಡ್ಡೆ ಬೇರಿನ ಸಾರವನ್ನೆಲ್ಲ ತಿಂದುಹಾಕಿರುತ್ತೆ, ರಾಳದ ವಾಸನೆ ಬಂದ್ರೆ ಮೋಸ. ಇದನ್ನ ನನಗೆ ಹೇಳ್ಕೊಟ್ಟವನೂ ಇವನೇ."

ಅಜ್ಜಿ ಮೂಸಿದಳು. ಎರಡನ್ನೂ.

"ಕಾಡು ಖಾಲಿಯಾಗಿದೆ ಅಜ್ಜಿ," ಎಂದ ಯಿನ್. "ಅಂಗಡಿ ನಡೀಬೇಕಲ್ವಾ?"

"ತೋಟದ್ದು ಅಂತ ಹೇಳಿ ಮಾರಿದ್ರೆ ಯಾರು ಬೇಡ ಅಂತಿದ್ರೋ?" ಎಂದಳು ಅಜ್ಜಿ.

"ಬೋರ್ಡು ಬಿಟ್ಟುಬಿಡ್ತೀನಮ್ಮ," ಎಂದ ಲಿಯಾಂಗ್. "ತಪ್ಪು ನಿಮ್ಮದಲ್ಲ."

"ಮೂಗು ಅವನದು. ಹೆಸರು ನನ್ನದು."

ಅಜ್ಜಿ ತಾನೇ ಏಣಿ ಹತ್ತಿ ಬೋರ್ಡು ಇಳಿಸಿದಳು. ನನ್ನ ಕೈಯಿಂದ ಕೊಡಲಿ ತೆಗೆದುಕೊಂಡು ತಾನೇ ಒಡೆದಳು. ನಾನು ಉಳಿಸಲು ಹೊರಟದ್ದು ನನ್ನ ಕಾಲ ಬುಡದಲ್ಲೇ ಚೂರಾಗಿ ಬಿತ್ತು.

ಮನೆಗೆ ಬಂದು ಅಣ್ಣ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿ ಮೂಸಿದೆ.

ರಾಳ.

ಇಷ್ಟು ವರ್ಷ ನನಗೆ ನಿದ್ದೆ ಯಾಕೆ ಬರಲಿಲ್ಲ ಅಂತ ಈಗ ತಿಳಿಯಿತು... ಅಣ್ಣನ ಮೇಲೆ ನಂಬಿಕೆ ಇಟ್ಟು ಮಲಗುತ್ತಿದ್ದೆ, ಅದಕ್ಕೆ.