ಪ್ರೊಸೆಸರಿನ ಮೇಲಿನ ಹೆಬ್ಬೆರಳು

ಕಂಪ್ಯೂಟರ್ ಜೋಡಿಸೋದೇ ನನ್ನ ಹೊಟ್ಟೆಪಾಡು. ದೆವ್ವಗಿವ್ವಕ್ಕೆ ಹೆದರುತ್ತಾ ಕೂರೋಕೆ ಪುರುಸೊತ್ತಿಲ್ಲ. ಆದರೂ ಇದು ನಡೆದದ್ದು.

ಅಕ್ಕನಿಗೆ ಗೇಮ್ ಹುಚ್ಚು. ಅವಳಿಗೊಂದು ಕಂಪ್ಯೂಟರ್ ಮಾಡಿಕೊಡಲು ಕೂತೆ. ಪ್ರೊಸೆಸರ್ ನಾನು ಆರಿಸಿದೆ, ಇಟ್ಟಿಗೆಯಂಥ ಗ್ರಾಫಿಕ್ಸ್ ಕಾರ್ಡ್ ಅವಳ ಹಟ, ಮೆಮೊರಿ ಎಷ್ಟು ಅನ್ನೋದಕ್ಕೆ ಇಬ್ಬರೂ ಜುಟ್ಟು ಹಿಡಿದುಕೊಳ್ಳೋದೊಂದು ಬಾಕಿ. ಎಲ್ಲವೂ ಹೊಸದು, ಸೀಲ್ ಒಡೆದದ್ದೇ ನಾನು.

ಕಾರ್ಡ್ ಹಾಕೋ ಮೊದಲು ಒಮ್ಮೆ ಆನ್ ಮಾಡಿದರೆ ಪ್ರೊಸೆಸರ್ ಕೆಂಡ. ಮೇಲಿನ ಕೂಲರ್ ಬಿಚ್ಚಿದೆ. ಶಾಖ ದಾಟಲೆಂದು ಎರಡರ ನಡುವೆ ಬೂದು ಪೇಸ್ಟ್ ಬಳಿದಿರ್ತೀವಿ. ಅದರ ನಟ್ಟನಡುವೆ ಒಂದು ಹೆಬ್ಬೆರಳ ಗುರುತು. ಸುತ್ತ ಸುಡುತ್ತಿದ್ದರೂ ಗುರುತು ಮಾತ್ರ ತಣ್ಣಗಿತ್ತು.

"ನೀನೇ ಒತ್ತಿರ್ತೀಯ, ಮರೆಗುಳಿ," ಅಂದಳು ಅಕ್ಕ.

ಒರೆಸಿ, ಹೊಸದಾಗಿ ಬಳಿದು, ಸ್ಕ್ರೂ ಬಿಗಿದೆ. ಮತ್ತೆ ಕೆಂಡ, ಮತ್ತೆ ಗುರುತು. ಮೂರನೇ ಸಲ ಅಕ್ಕ ಪಕ್ಕದಲ್ಲೇ ಕಾವಲು ಕೂತಳು. ಆಗಲೂ ಇತ್ತು. ಈ ಸಲ ಅದಕ್ಕೆ ಅಡ್ಡಲಾಗಿ ಒಂದು ಓರೆ ಗೆರೆ, ಹಳೆ ಗಾಯದ ಕಲೆಯ ಹಾಗೆ. ಇಬ್ಬರೂ ಬೆರಳು ನೋಡಿಕೊಂಡೆವು. ಅಂಥ ಕಲೆ ಯಾರಿಗೂ ಇರಲಿಲ್ಲ.

ನನಗೆ ಸಿಟ್ಟು ಬಂತು. ಮತ್ತೆ ಬಳಿದು ಬಿಗಿದು, ಗ್ರಾಫಿಕ್ಸ್ ಕಾರ್ಡನ್ನು ಜಾಗಕ್ಕೆ ಅದುಮಿದೆ. ಅದರ ತಗಡಿನ ಅಂಚು ನನ್ನ ಬಲಗೈ ಹೆಬ್ಬೆರಳನ್ನು ಓರೆಯಾಗಿ ಸೀಳಿತು. ಬಟ್ಟೆ ಸುತ್ತುತ್ತಿದ್ದ ಅಕ್ಕ ಬಿಳಿಚಿಕೊಂಡಳು. ಕಂಪ್ಯೂಟರ್ ಮಾತ್ರ ಅವತ್ತಿನಿಂದ ತಣ್ಣಗೆ ಓಡ್ತಿತ್ತು.

ಗಾಯ ಮಾಯ್ದು ಕಲೆ ಉಳಿಯಿತು. ಮೊನ್ನೆ ಅಕ್ಕ ಫೋನ್ ಮಾಡಿ, "ಮತ್ತೆ ಬಿಸಿಯಾಗ್ತಿದೆ ಕಣೇ, ಬಿಚ್ಚಿ ನೋಡು ಬಾ," ಅಂದಳು. ನನ್ನ ಕೈಲಾಗಲ್ಲ ಅಂದೆ. ನಿನ್ನೆ ಅವಳೇ ಬಿಚ್ಚಿದಳಂತೆ. ಏನಿತ್ತಕ್ಕ ಅಂದರೆ ಮಾತು ತೇಲಿಸಿದಳು.

ಆಮೇಲೆ ಮೆಲ್ಲಗೆ ಕೇಳಿದಳು: "ನಿನ್ನ ಎಡಗೈ ಹೇಗಿದೆ?"