ನೀಲಿ ಪೆಟ್ರೋಲಿನ ಕೆಳಗಿನ ನೀರು

ಕಂದರದ ನಕ್ಷೆಯಲ್ಲಿ ಪೆನ್ಸಿಲಿನಿಂದ ಎಳೆದಿದ್ದ ದಾರಿಯ ಮೇಲೆಯೇ ಅವಳು ದಪ್ಪ ಕಪ್ಪು ಪೆನ್ನಿನಿಂದ ಮತ್ತೊಮ್ಮೆ ಎಳೆಯುತ್ತಿದ್ದಳು. ಪೆನ್ಸಿಲಿನ ಗೆರೆ ಪೈಲಟ್ಟಾದ ಗಂಡನಿಗೆ ಈಚೆಗೆ ಸಾಲುತ್ತಿರಲಿಲ್ಲ. ನದಿ ಲಾಳದ ಹಾಗೆ ಸುತ್ತಿಕೊಳ್ಳುವಲ್ಲಿ ವಿಮಾನ ಎಡಕ್ಕೆ ವಾಲಬೇಕು. ಅಂದು ಪ್ರಯಾಣಿಕಳಾಗಿ ಎಡಗಿಟಕಿಯ ಪಕ್ಕ ಕೂರುವ ನರ್ಸಮ್ಮನಿಗೆ ತಳದ ನೀರು ಕಾಣುವುದು ಅಲ್ಲಿ ಮಾತ್ರ. ಬಿಸಿಲು ತಳ ಮುಟ್ಟಿರಬೇಕು, ಗಾಳಿ ಎದ್ದಿರಬಾರದು. ಅಂಥ ಹೊತ್ತನ್ನು ಹುಡುಕಲು ಅವಳೂ ನರ್ಸಮ್ಮನೂ ಎಷ್ಟೋ ಮಧ್ಯಾಹ್ನಗಳನ್ನು ಈ ಮೇಜಿನ ಮುಂದೆ ಕಳೆದಿದ್ದರು.

ಗಂಡ ಟೀ ಬಗ್ಗಿಸಿಕೊಂಡು ಹೋದ ತಟ್ಟೆ ಪಕ್ಕದಲ್ಲಿತ್ತು. ಲೋಟದ ಎಡಕ್ಕೆ ಟೀ ಚೆಲ್ಲಿತ್ತು. ನಕ್ಷೆಗೆ ತಾಗದಿರಲೆಂದು ಬಟ್ಟೆಯ ತುದಿಯಿಂದ ಒರೆಸುತ್ತಿರುವಾಗ ವಿಮಾನದ ಮೆಕ್ಯಾನಿಕ್ಕಾದ ಮೈದುನ ಗಾಜಿನ ಲೋಟವೊಂದನ್ನು ಹಿಡಿದು ಬಾಗಿಲಲ್ಲಿ ನಿಂತ.

"ಅತ್ತಿಗೆ, ಸ್ವಲ್ಪ ಇಲ್ಲಿ ನೋಡಿ."

ಹಾರುವ ಮೊದಲು ಟ್ಯಾಂಕಿನ ತಳದಿಂದ ಪೆಟ್ರೋಲು ಹಿಡಿದು ನೋಡುವುದು ಆ ಮನೆಯಲ್ಲಿ ಹಲ್ಲುಜ್ಜಿದಷ್ಟೇ ಖಾಯಂ. ವಿಮಾನದ ಪೆಟ್ರೋಲು ಒಂದೇ ಸಮ ನೀಲಿಯಾಗಿರಬೇಕು; ನೀರು ಸೇರಿದ್ದರೆ ತಳಕ್ಕೆ ಇಳಿಯುತ್ತದೆ. ಲೋಟದಲ್ಲಿ ನೀಲಿ ಮೇಲೆ ಒಂದು ಪಟ್ಟಿಯಷ್ಟಿತ್ತು; ಕೆಳಗೆಲ್ಲ ತಿಳಿನೀರು.

"ಎಷ್ಟು ಹಿಡಿದರೂ ಹೀಗೇ ಬರ್ತಿದೆ," ಎಂದ. "ಯಾರೋ ಬೇಕಂತಲೇ ಸುರಿದಿದ್ದಾರೆ."

ಹಾಗೇ ಹಾರಿದ್ದರೆ ಎಂಜಿನ್ನು ಕಂದರದ ನಡುವೆ ನಿಲ್ಲುತ್ತಿತ್ತು.

ಮುಂದಿನ ಕೋಣೆಯಲ್ಲಿ ನರ್ಸಮ್ಮ ಹೊಸ ಸ್ವೆಟರಿನ ಗುಂಡಿ ಹಾಕಿಕೊಂಡು ಸಿದ್ಧವಾಗಿದ್ದಳು. ಅವಳ ಗಂಡ ಭೂಮಾಪಕನಾಗಿದ್ದು ಆ ಲಾಳದ ತಿರುವಿನಲ್ಲೇ ತೀರಿಕೊಂಡಿದ್ದ. ಆ ಜಾಗವನ್ನು ಅವಳು ಕಂಡೇ ಇರಲಿಲ್ಲ. ಮುಂದಿನ ವಾರ ಅವಳಿಗೆ ಎದೆಯ ಆಪರೇಷನ್ನು. ವಿಷಯ ತಿಳಿದಾಗ ಅವಳು ಅಳಲಿಲ್ಲ. ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, "ಆಮೇಲೆ ಅಂತ ನನಗೆ ಇರುತ್ತೋ ಇಲ್ಲವೋ," ಎಂದಳು.

ವಿಮಾನದಾಣದ ಮ್ಯಾನೇಜರು ಪೊಲೀಸರಿಗೆ ಫೋನು ಮಾಡಿದ. ಬಂದ ಇನ್ಸ್‌ಪೆಕ್ಟರಿಗೆ ಕೆಲಸ ಸುಲಭವೆನಿಸಿತು. ವಿಮಾನ ನಿಲ್ಲಿಸುವ ಶೆಡ್ಡಿನ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮನೆಯವರ ಬಳಿ ಮಾತ್ರ. ಹಿಂದಿನ ದಿನ ಅಣ್ಣ ವಿಮಾನ ಇಳಿಸುವಾಗ ಚಕ್ರ ನೆಲಕ್ಕೆ ಬಡಿದಿತ್ತು. ಅದಕ್ಕೇ ಅಣ್ಣ ತಮ್ಮಂದಿರಿಗೆ ಮಾತಿಗೆ ಮಾತು ಬೆಳೆದಿತ್ತು. 'ನಾಳೆ ಈ ವಿಮಾನ ಏಳೋದು ಬೇಡ' ಎಂದು ತಮ್ಮ ಕೂಗಿದ್ದು ಕಾವಲುಗಾರನ ಕಿವಿಗೂ ಬಿದ್ದಿತ್ತು.

"ಹೇಳಿದ್ದು ಹೌದಾ?" ಎಂದು ಇನ್ಸ್‌ಪೆಕ್ಟರು ಕೇಳಿದ.

"ಹೌದು."

"ಯಾಕೆ?"

ಮೈದುನ ಅಣ್ಣನ ಮುಖ ನೋಡಿ ತಲೆ ತಗ್ಗಿಸಿದ. "ಮನೆ ವಿಷಯ ಸಾರ್."

ಇನ್ಸ್‌ಪೆಕ್ಟರು ಅವನ ತೋಳು ಹಿಡಿದ. ಮದುವೆಯಾಗಿ ಬಂದಾಗ ಅವಳು ಆ ತೋಳಿಗೆ ಶಾಲೆಯ ಅಂಗಿ ತೊಡಿಸಿದ್ದಳು. ಊರೆಲ್ಲ ಕ್ಯಾಪ್ಟನ್ ಎಂದು ಕರೆಯುವ ಗಂಡನ ಕಡೆ ಅವಳು ತಿರುಗಿದಳು. ಅವನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದ, ಅದು ತನಗೆ ಕಾಣುತ್ತಿದೆ ಎಂಬಂತೆ.

ಆಗ ಅವಳು ಮಹಡಿಗೆ ಓಡಿದಳು. ಗಂಡನ ಸೋದರತ್ತೆ ಅಲ್ಲಿದ್ದಳು. ಪೊಲೀಸರ ಬೆರಳಗುರುತು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನೆಂಟರ ಬಾಯಲ್ಲಿ ಭೂತಗನ್ನಡಿ ಅತ್ತೆ. ಕಳೆದುಹೋದ ಬಳೆಯಿಂದ ಹಿಡಿದು ಓಡಿಹೋದ ಅಳಿಯನವರೆಗೆ ಅವಳು ಪತ್ತೆ ಮಾಡಿದ್ದಕ್ಕೆಲ್ಲ ಈ ಸೊಸೆಯೇ ಸಾಕ್ಷಿ.

"ಅತ್ತೆ, ಅವನನ್ನ ಕರೆದುಕೊಂಡು ಹೋಗ್ತಿದ್ದಾರೆ. ನಿಮಗೆ ಕೈಮುಗೀತೀನಿ."

ಅತ್ತೆ ಚಪ್ಪಲಿ ಹುಡುಕಿದಳು. ಶೆಡ್ಡಿಗೆ ಹೋಗಿ, ಈ ಮಂಡಿಗಳ ಮೇಲೇ ಮೊದಲು ಕೇಸು ಹಾಕಬೇಕೆಂದು ಗೊಣಗುತ್ತ ಏಣಿ ಹತ್ತಿದಳು. ಏಣಿ ಅಲುಗದಂತೆ ಹಿಡಿದಿದ್ದ ಸೊಸೆಗೂ ರೆಕ್ಕೆ ಕಾಣುತ್ತಿತ್ತು. ಕಂದರದ ಕೆಂಪು ಧೂಳು ಅದರ ಮೇಲೆ ತೆಳ್ಳಗೆ ಕೂತಿತ್ತು. ರೆಕ್ಕೆಯೊಳಗಿನ ಟ್ಯಾಂಕಿನ ಬಾಯಿಯ ಎಡಕ್ಕೆ ಮಾತ್ರ ನೀರು ಹರಿದು ಧೂಳು ತೊಳೆದುಹೋಗಿತ್ತು. ಬಲಕ್ಕೆ ಒಂದು ಹನಿಯ ಗುರುತೂ ಇರಲಿಲ್ಲ.

ಅವಳ ಕೈಗಳು ಏಣಿಯನ್ನು ಬಿಗಿಯಾಗಿ ಹಿಡಿದವು. ಬೆಳಿಗ್ಗೆ ಒರೆಸಿದ ಟೀ ಕಣ್ಣ ಮುಂದೆ ಬಂತು. ನಿನ್ನೆಯದು, ಮೊನ್ನೆಯದು ಕೂಡ.

ಅತ್ತೆ ಕೆಳಗಿಳಿದು ಅವಳ ಮುಖವನ್ನೊಮ್ಮೆ ನೋಡಿದಳು. "ಎಲ್ಲರಿಗೂ ಟೀ ಮಾಡು. ಕೆಟಲಿನಲ್ಲೇ ತಾ, ಲೋಟಕ್ಕೆ ಹಾಕಬೇಡ."

ಅಡುಗೆಮನೆಯಲ್ಲಿ ಅವಳು ಬೇಕೆಂದೇ ತಡ ಮಾಡಿದಳು. ನೀರು ಕುದಿದ ಮೇಲೂ ಕುದಿಯಲು ಬಿಟ್ಟಳು. ಈಗಲಾದರೂ ಗಂಡ ಬಾಯಿಬಿಡಲಿ. ಅತ್ತೆ ಹೇಳುವ ಮೊದಲು ಅವನೇ ಹೇಳಲಿ. ಗೋಡೆಯಾಚೆ ಇನ್ಸ್‌ಪೆಕ್ಟರಿನ ಬೂಟಿನ ಸದ್ದು, ನರ್ಸಮ್ಮನ ಕೆಮ್ಮು ಕೇಳಿಸುತ್ತಿತ್ತು. ಅವನ ದನಿ ಕೇಳಿಸಲಿಲ್ಲ. ಟೀ ಕಪ್ಪಾಗಿ ಕಹಿಯಾಯಿತು. ಲೋಟಗಳಿಗೆ ತಾನೇ ತುಂಬಿಸಿಬಿಟ್ಟರೆ ಅವನು ಉಳಿಯುತ್ತಾನೆಂದು ಒಂದು ಗಳಿಗೆ ಅನಿಸಿತು. ಖಾಲಿ ಲೋಟಗಳನ್ನೇ ತಟ್ಟೆಯಲ್ಲಿ ಜೋಡಿಸಿ ಹೊರಗೆ ಬಂದಳು.

ಎಲ್ಲರೂ ಕೂತ ಮೇಲೆ ಅತ್ತೆ ಇನ್ಸ್‌ಪೆಕ್ಟರನ್ನು ಕೇಳಿದಳು. "ವಿಮಾನ ಬೀಳಿಸಬೇಕು ಅನ್ನೋನು ಎಷ್ಟು ನೀರು ಹಾಕ್ತಾನೆ?"

"ಕಾಣದಷ್ಟು."

"ಇಲ್ಲಿ ಬಿಂದಿಗೆಗಟ್ಟಲೆ ಸುರಿದಿದ್ದಾರೆ. ಕುರುಡನಿಗೂ ಕಾಣಬೇಕು, ಹಾಗೆ. ಅಂದರೆ ಕೊಲ್ಲೋ ಉದ್ದೇಶ ಅಲ್ಲ. ಹಾರಾಟ ನಿಲ್ಲಬೇಕಿತ್ತು, ಅಷ್ಟೇ. ಬೆಳಿಗ್ಗೆ ನಮ್ಮ ಹುಡುಗ ಲೋಟ ಹಿಡಿದೇ ಹಿಡೀತಾನೆ ಅಂತ ಗೊತ್ತಿದ್ದವರ ಕೆಲಸ."

"ಅದಕ್ಕೇ ಇವನು ಅಂತಿರೋದು. ಏಳೋದು ಬೇಡ ಅಂತ ಕೂಗಿದ್ದೂ ಇವನೇ."

ಅತ್ತೆ ಅಲ್ಲವೆಂದು ತಲೆಯಾಡಿಸಿದಳು. ಮೆಕ್ಯಾನಿಕ್ಕು ವಿಮಾನ ನಿಲ್ಲಿಸಲು ನೀರು ಹೊರಬೇಕೆ? ಚಕ್ರಕ್ಕೆ ಪೆಟ್ಟಾಗಿದೆ ಎಂದು ಮ್ಯಾನೇಜರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಅಣ್ಣನ ಮಾನಕ್ಕೆ ಹೆದರಿ ಇವನು ಅದನ್ನೂ ಹೇಳಿರಲಿಲ್ಲ. ನರ್ಸಮ್ಮನಿಗೆ ಬೇಡವಾಗಿದ್ದರೆ ಬರುತ್ತಲೇ ಇರಲಿಲ್ಲ. ಸೊಸೆ ಗಾಳಿ ಜೋರಿದೆ ಎಂದಿದ್ದರೆ ದಿನ ಮುಂದಕ್ಕೆ ಹೋಗುತ್ತಿತ್ತು. ಎಲ್ಲರಿಗೂ ಬೇಡವೆನ್ನಲು ದಾರಿಯಿತ್ತು.

"ಬೇಡ ಅನ್ನೋಕೆ ಬಾಯಿಲ್ಲದೆ ಇದ್ದವನು ಒಬ್ಬನೇ," ಎಂದಳು ಅತ್ತೆ. "ಪೈಲಟ್ಟು ಮೈ ಹುಷಾರಿಲ್ಲ ಅಂದರೆ ಇಲ್ಲಿ ಡಾಕ್ಟರ ಚೀಟಿ ಬೇಕು. ಕಳೆದ ತಿಂಗಳು ಅದಕ್ಕೇ ಜ್ವರ ಮುಚ್ಚಿಟ್ಟುಕೊಂಡು ಹಾರಿದ. ಡಾಕ್ಟರು ಮೊದಲು ನೋಡೋದೇ ಕಣ್ಣು." ಆಮೇಲೆ ದನಿ ತಗ್ಗಿಸಿ, "ಟೀ ಬಗ್ಗಿಸಪ್ಪ," ಎಂದಳು.

ಕ್ಯಾಪ್ಟನ್ ಕೆಟಲು ಎತ್ತಿದ. ಲೋಟದ ಒಳಗೆ ಬೆರಳಿಟ್ಟು ಅಂಚು ತಡವಿದ. ಟೀ ಎಡಕ್ಕೆ ಬಿದ್ದು ಮೇಜಿನ ತುದಿಯಿಂದ ನರ್ಸಮ್ಮನ ಕಾಲ ಬಳಿ ಸುರಿಯಿತು. ಯಾರೂ ಒರೆಸಲು ಏಳಲಿಲ್ಲ.

"ರೆಕ್ಕೆಯ ಮೇಲೂ ನೀರು ಹೀಗೇ ಎಡಕ್ಕೇ ಚೆಲ್ಲಿದೆ," ಎಂದಳು ಅತ್ತೆ.

ಅವನು ಕೆಟಲು ಕೆಳಗಿಟ್ಟ. "ಎಡಗಣ್ಣು ಹೋಗಿ ಬಹಳ ದಿನ ಆಯ್ತು. ಇನ್ನೊಂದೂ ಮಬ್ಬು," ಎಂದ. "ನಿನ್ನೆ ಇಳಿಸುವಾಗ ನೆಲ ಎಲ್ಲಿದೆ ಅಂತಲೇ ತಿಳೀಲಿಲ್ಲ. ಈಯಮ್ಮನನ್ನ ಕೂರಿಸಿಕೊಂಡು ಹೋಗೋಕೆ ಧೈರ್ಯ ಬರಲಿಲ್ಲ. ಹಾರೋದು ಬಿಟ್ಟರೆ ನಾನು ಯಾರು?"

ತಮ್ಮನೇ ಮೊದಲು ಎದ್ದು ಅಣ್ಣನ ಹೆಗಲು ತಬ್ಬಿಕೊಂಡ. "ನನಗಾದರೂ ಹೇಳಬಾರದಿತ್ತಾ?" ಎಂದ. ನರ್ಸಮ್ಮ ಕಣ್ಣೊರೆಸಿಕೊಂಡಳು. ಇನ್ಸ್‌ಪೆಕ್ಟರು ಕೂಡ, ಲೈಸೆನ್ಸು ತಾವಾಗಿಯೇ ಒಪ್ಪಿಸಿದರೆ ತಾನು ಹೆಚ್ಚು ಕೆದಕುವುದಿಲ್ಲವೆಂದು ಹೇಳಿ ಟೋಪಿ ತೆಗೆದುಕೊಂಡ. ಫೋನಿನಲ್ಲಿ ಕೇಳಿದಾಗ ಕಂದರದ ಆಚೆ ದಂಡೆಯ ಪೈಲಟ್ಟೊಬ್ಬ ನಾಳೆ ಬೆಳಿಗ್ಗೆ ತನ್ನ ವಿಮಾನ ತರಲು ಒಪ್ಪಿದ. ನರ್ಸಮ್ಮನಿಗೆ ತಿರುವು ತೋರಿಸಿ, ಅವಳ ಆಸ್ಪತ್ರೆಯಿರುವ ಆಚೆ ದಂಡೆಯಲ್ಲೇ ಇಳಿಸುತ್ತಾನೆ. ಹಿಂದಿನ ಸೀಟು ಖಾಲಿಯಂತೆ. ವಿಮಾನದ ತೂಕ ಸಮವಾಗಲು ಅಲ್ಲಿ ಮರಳಿನ ಚೀಲ ಇಡಬೇಕೆಂದ.

ಎಲ್ಲರೂ ಅವನ ಕಣ್ಣಿಗಾಗಿ ಮರುಗಿದರು. ತಮ್ಮನ ತೋಳನ್ನು ಪೊಲೀಸಿನವನು ಹಿಡಿದಾಗ ಆ ಕಣ್ಣು ಎಲ್ಲಿತ್ತೆಂದು ಯಾರೂ ಕೇಳಲಿಲ್ಲ.

ಸಂಜೆ ಅವಳು ಮತ್ತೆ ನಕ್ಷೆಯ ಮುಂದೆ ಕೂತಳು. ಹೊಸ ಪೈಲಟ್ಟಿಗೆ ದಪ್ಪ ಗೆರೆ ಬೇಕಿರಲಿಲ್ಲ, ಪೆನ್ಸಿಲು ಸಾಕು. ಗಂಡ ಬಾಗಿಲ ಚೌಕಟ್ಟು ತಡವುತ್ತ ಬಂದು ನಿಂತ.

"ನೀನಾದರೂ ಇದ್ದೀಯಲ್ಲ, ನನ್ನ ಕಣ್ಣಾಗಿ."

"ಹೂಂ," ಎಂದಳು.

ಇಷ್ಟು ವರ್ಷ ಯಾರು ಯಾರಿಗೋ ಕಂದರದ ದಾರಿ ಬರೆದುಕೊಟ್ಟವಳು ಒಮ್ಮೆಯೂ ಅದರ ಮೇಲೆ ಹಾರಿರಲಿಲ್ಲ. ಯಾವಾಗಲೂ ಸೀಟು ತುಂಬಿರುತ್ತಿತ್ತು. ಆಚೆ ದಂಡೆಯಲ್ಲಿ ಅವಳ ಅಕ್ಕನ ಮನೆಯಿತ್ತು. ಹೊಲಿಗೆಯಂಗಡಿಯಲ್ಲಿ ಇನ್ನೊಂದು ಕೈ ಬೇಕೆಂದು ಅಕ್ಕ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದಳು.

ಮೈದುನ ಶೆಡ್ಡಿನಿಂದ ಕೂಗಿ ಕೇಳಿದ. "ಅತ್ತಿಗೆ, ಹಿಂದಿನ ಸೀಟಿಗೆ ಮರಳಿನ ಚೀಲ ತುಂಬಿಸಲಾ?"

"ಬೇಡ, ನಾನು ನೋಡ್ಕೋತೀನಿ."

ಅವಳು ಈ ದಂಡೆಯಿಂದ ಲಾಳದ ತಿರುವಿಗೆ, ತಿರುವಿನಿಂದ ಆಚೆ ದಂಡೆಗೆ ಗೆರೆ ಎಳೆದಳು. ತನ್ನ ತೂಕವನ್ನು ಮೂಲೆಯಲ್ಲಿ ಸಣ್ಣಗೆ ಬರೆದಳು. ಅಭ್ಯಾಸದಂತೆ ಪೆನ್ಸಿಲು ಮರಳಿ ಬರುವ ದಾರಿಯತ್ತ ಹೊರಟಿತು. ಅದನ್ನು ಎತ್ತಿ ಪಕ್ಕಕ್ಕಿಟ್ಟು, ನಕ್ಷೆ ಮಡಚಿದಳು.