ಒಂದು ಕಾರ್ಡ್ ಬಾಕಿ

“ತಪ್ಪು! ಹಿಡ್ಕೊ ಕಿವಿ, ಹೊಡಿ ಎರಡು ಬಸ್ಕಿ!”

ಸ್ಕೇಲು ಹಿಡಿದು ಕುರ್ಚಿಯ ಮೇಲೆ ಕೂತಿದ್ದ ಚೂಟಿ ಅಬ್ಬರಿಸಿದಳು. ಪಾಪ, ಚಿಕ್ಕಮ್ಮ ಕಿವಿ ಹಿಡಿದು ಬಸ್ಕಿ ಹೊಡೆದಳು. ನಾಳೆ ಅವಳಿಗೆ ನರ್ಸಿಂಗ್ ಪರೀಕ್ಷೆ. ರಕ್ತ, ಹೃದಯ, ಕ್ಯಾನ್ಸರ್ ಎಂದು ಮೂರು ಕಟ್ಟು ಕಾರ್ಡ್ ಬರೆದುಕೊಂಡಿದ್ದಳು. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಪ್ರಶ್ನೆ ಕೇಳುವ ಕೆಲಸ ಚೂಟಿಯದು. ಮೊದಲೇ ಕೋತಿ, ಕೈಗೆ ಸ್ಕೇಲು ಬೇರೆ!

“ಮುಂದಿನದು. ರಕ್ತ ಕಡಿಮೆ ಇರೋರಿಗೆ ಕಬ್ಬಿಣದ ಮಾತ್ರೆ ಕೊಡೋವಾಗ ಏನು ಹೇಳ್ಬೇಕು?”

“ಕಕ್ಕ ಕಪ್ಪಗಾಗುತ್ತೆ, ಹೆದರ್ಕೋಬೇಡಿ ಅಂತ.”

“ಕೇಳಿಸ್ಲಿಲ್ಲ. ಇನ್ನೊಂದ್ಸಲ!”

ಮೂರು ಸಲ ಹೇಳಿಸಿ ಚೂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹಾರ್ಟ್ ವೀಕಾಗಿರೋರನ್ನ ದಿನಾ ಯಾಕೆ ತೂಕ ಮಾಡ್ಬೇಕು?”

“ಮೈಯಲ್ಲಿ ನೀರು ತುಂಬ್ತಾ ಇದ್ಯಾ ಅಂತ ಗೊತ್ತಾಗೋಕೆ.”

“ಪಾಸ್!”

ಇನ್ನೊಂದು ಕಟ್ಟು ಮುಗಿದರೆ ತಾತ! ಕ್ಯಾನ್ಸರಿಗೆ ಕೀಮೋ ಔಷಧಿ ಏರಿಸಿಕೊಳ್ಳಲು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ ತಾತ ಇವತ್ತಷ್ಟೇ ಮನೆಗೆ ಬಂದಿದ್ದ. ಕಾರ್ಡ್ ಮುಗಿದ ಕೂಡಲೇ ಅವನ ಜೊತೆ ಹಾವು-ಏಣಿ ಆಡಬಹುದು ಎಂದು ಚಿಕ್ಕಮ್ಮ ಮಾತು ಕೊಟ್ಟಿದ್ದಳು.

ಚೂಟಿ ಕೊನೆಯ ಕಾರ್ಡ್ ಎತ್ತಿದಳು. ‘ಕೀಮೋ ಆದ ರೋಗಿಯ ಬಿಳಿ ರಕ್ತಕಣ ಇಳಿದಿದೆ. ಯಾರನ್ನು ಹತ್ತಿರ ಬಿಡಬಾರದು?’ ಹಿಂದೆ ತಿರುಗಿಸಿದಳು. ‘ನೆಗಡಿ, ಕೆಮ್ಮು ಇರುವವರನ್ನು. ಬಿಳಿ ಕಣಗಳೇ ಮೈಯ ಕಾವಲುಗಾರರು. ಅವು ಇಲ್ಲದಾಗ ಸಣ್ಣ ನೆಗಡಿಯೂ ಪ್ರಾಣಕ್ಕೆ ಕುತ್ತು.’

ಚೂಟಿಯ ಮೂಗು ಕಡಿಯಿತು. ಬೆಳಗಿನಿಂದ ಹನ್ನೊಂದು ಸೀನು ಬಂದಿದ್ದವು. ಹತ್ತನ್ನು ಯಾರಿಗೂ ಗೊತ್ತಾಗದಂತೆ ದಿಂಬಿನೊಳಗೆ ಸೀನಿದ್ದಳು, ಒಂದನ್ನು ಬೆಕ್ಕಿನ ಮೇಲೆ.

ಕಾರ್ಡ್ ಮೆಲ್ಲಗೆ ಫ್ರಾಕಿನ ಜೇಬು ಸೇರಿತು.

“ಅಷ್ಟೇ! ಮುಗೀತು!” ಎಂದವಳೇ ಆಟದ ಬೋರ್ಡು ಕಂಕುಳಲ್ಲಿಟ್ಟು ಓಡಿದಳು.

ತಾತನ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಷ್ಟೇ, ಒಳಗಿನಿಂದ ದನಿ ಬಂತು. “ಯಾರದು, ನನ್ನ ಚೂಟಿನಾ? ಬಾ ಪುಟ್ಟಿ.”

ಬೀದಿ ತುದಿಗೆ ಕೇಳುವಂತೆ ಕೂಗುತ್ತಿದ್ದ ತಾತ! ಈಗ ಪಿಸುಗುಟ್ಟಿದಂತಿತ್ತು. ಅದೇ ಹೊತ್ತಿಗೆ ಹನ್ನೆರಡನೆಯ ಸೀನು ಮೂಗಿನ ತುದಿಗೆ ಬಂದು ನಿಂತಿತು. ಚೂಟಿಗೆ ಭಯವಾಯಿತು. ತಾತನ ಹತ್ತಿರ ಈಗ ಕಾವಲುಗಾರರೇ ಇಲ್ಲ. ಬಾಗಿಲಲ್ಲಿ ಇರುವವಳು ತಾನೊಬ್ಬಳೇ.

ಮೂಗು ಒತ್ತಿ ಹಿಡಿದು ವಾಪಸ್ ಓಡಿದಳು. “ಒಂದು ಕಾರ್ಡ್ ಬಾಕಿ ಇದೆ” ಎಂದು ಚಿಕ್ಕಮ್ಮನ ಕೈಗಿಟ್ಟು, “ಆಕ್ಷೀ!” ಎಂದಳು.

ಚಿಕ್ಕಮ್ಮ ಕಾರ್ಡ್ ಓದಿದಳು, ಕೆಂಪು ಮೂಗನ್ನೂ ನೋಡಿದಳು.

“ಕಳ್ಳಿ! ಹಿಡ್ಕೊ ಕಿವಿ.”

ಬಸ್ಕಿ ಆಯಿತು. ಚೂಟಿ ಸೋಪು ಹಾಕಿ ಕೈ ತೊಳೆದಳು. ಚಿಕ್ಕಮ್ಮ ಚಿಲಕವನ್ನೂ ಒರೆಸಿದಳು. ಆಮೇಲೆ ಮುಚ್ಚಿದ ಬಾಗಿಲ ಆ ಕಡೆ ತಾತ, ಈ ಕಡೆ ಚೂಟಿ. ಬೋರ್ಡು ಚೂಟಿಯ ಮುಂದೆ, ದಾಳ ಇಬ್ಬರಿಗೂ ಒಂದೊಂದು.

“ಆರು!” ಎಂದ ತಾತ. ಮತ್ತೆ, “ಆರು!” ಮೂರನೆಯ ಸಲವೂ, “ಆರು!”

“ತಾತಾ, ಸುಳ್ಳು!”

“ನೆಗಡಿ ವಾಸಿಯಾದ್ಮೇಲೆ ಬಂದು ನೋಡ್ಕೊ!” ತಾತನ ನಗು ಕೇಳಿತು.

ಚೂಟಿ ಗೊಣಗುತ್ತಾ ತಾತನ ಕಾಯಿಯನ್ನು ಆರು ಮನೆ ಏರಿಸಿದಳು. ತನ್ನ ದಾಳ ಉರುಳಿಸಿದಳು. ಆರು ಬಿತ್ತು.

“ಥೂ, ಒಂದೇ!” ಎಂದು ಬಾಗಿಲಾಚೆಗೆ ಕೇಳುವಂತೆ ಕೂಗಿ, ತನ್ನ ಕಾಯಿಯನ್ನು ಒಂದೇ ಮನೆ ನಡೆಸಿದಳು.